ಕಾಗಮ್ಮನ ಕಂಪ್ಯೂಟರ್ ಕೋರ್ಸು

ಕೋಗಿಲೆ ಮೇಷ್ಟ್ರ ಕಂಪ್ಯೂಟರ್ ಸೆಂಟರಿನಲ್ಲಿ ಆರು ತಿಂಗಳು ಕಲಿತ ಕಾಗಮ್ಮನಿಗೆ ಎಂಥಾ ಸರ್ಟಿಫಿಕೇಟು ಸಿಕ್ಕಿತ್ತೆಂದರೆ, ಅದನ್ನು ಎತ್ತಿ ಹಿಡಿದರೆ ಸೂರ್ಯನೇ ಕಣ್ಣು ಮುಚ್ಚಿಕೊಳ್ಳುತ್ತಿದ್ದ! ಅದನ್ನು ಕಚ್ಚಿಕೊಂಡು ಅವಳು ಆನೆಯ ಆಫೀಸಿಗೆ ಕೆಲಸ ಕೇಳಲು ಹಾರಿದಳು. ಗೂಡಿನಲ್ಲಿ ನಾಲ್ಕು ಮರಿಗಳು ಬಾಯಿ ತೆರೆದು ಕೂತಿದ್ದವು, ಕೆಲಸ ಸಿಗಲೇಬೇಕಿತ್ತು.

“ಒಂದು ಅರ್ಜಿ ಟೈಪ್ ಮಾಡಮ್ಮ,” ಎಂದಿತು ಆನೆ.

ಕಾಗಮ್ಮ ಕಾಲೊರೆಸಿಕೊಂಡು ಒಳಗೆ ಬಂದಳು. ಕಂಪ್ಯೂಟರಿಗೆ ಹೊದಿಸಿದ್ದ ಬಟ್ಟೆ ತೆಗೆದು, ನಾಲ್ಕು ಮಡಿಕೆ ಮಾಡಿಟ್ಟು, ವಿನಯದಿಂದ ಪಕ್ಕಕ್ಕೆ ಸರಿದು ನಿಂತಳು.

“ಮುಂದೆ?”

“ಮುಂದಿನದನ್ನ ಮೇಷ್ಟ್ರು ಮಾಡ್ತಾರೆ, ಸಾಹೇಬ್ರೇ. ಇದ್ದದ್ದು ಒಂದೇ ಕಂಪ್ಯೂಟರು, ನಾವು ನಲವತ್ತು ಜನ. ಹಿಂದೆ ನಿಂತು ನೋಡ್ತಿದ್ವಿ.”

ಆನೆ ಸೊಂಡಿಲೆತ್ತಿ ಬಾಗಿಲು ತೋರಿಸಿತು. ಕಾಗಮ್ಮ ಕೊಕ್ಕು ಮಸೆಯುತ್ತಾ ಸೀದಾ ಸೆಂಟರಿಗೆ ನುಗ್ಗಿದಳು.

“ಬಟ್ಟೆ ತೆಗೆಯೋದು ಬಿಟ್ಟು ನೀವು ಕಲಿಸಿದ್ದಾದರೂ ಏನು, ಮೇಷ್ಟ್ರೇ? ನನ್ನ ಮಕ್ಕಳಿಗೆ ಏನು ತಿನ್ನಿಸಲಿ?”

ಕೋಗಿಲೆ ಮೇಷ್ಟ್ರು ರಾಗವಾಗಿ ಅಂದರು: “ಅಯ್ಯೋ ಕಾಗಮ್ಮಾ, ಅಷ್ಟು ನೀಟಾಗಿ ಮಡಿಸೋದು ನನಗೂ ಬರಲ್ಲ! ನಾಳೆಯಿಂದ ಹೊಸ ಬ್ಯಾಚಿಗೆ ನೀನೇ ಟೀಚರು. ಸಂಬಳ ಕೊಡ್ತೀನಿ.”

ಕಾಗಮ್ಮನ ಕೋಪ ಅಲ್ಲೇ ಇಳಿಯಿತು. ಮರುದಿನ ಅವಳು ಎದೆಯುಬ್ಬಿಸಿ ಪಾಠ ಶುರುಮಾಡಿದಳು: “ಯಾರೂ ಅವಸರ ಮಾಡಬೇಡಿ ಮಕ್ಕಳೇ. ಬಟ್ಟೆಯ ಪಾಠಕ್ಕೇ ಆರು ತಿಂಗಳು ಬೇಕು.”