ಗೋದಾಮಿನ ಹಿಂದಿನ ದಾರಿ

“ಪ್ರೀತಿಗಾಗಿ ಸುಳ್ಳು ಹೇಳಿದರೆ ಅದೂ ತಪ್ಪೇ, ಬುದ್ಧೀ?” ಎಂದು ಮುರಿಗೆಯ್ಯ ಗುರುಗಳನ್ನು ಕೇಳಿದ.

ಅವನ ಗೆಳೆಯ ಗುರುಪಾದಯ್ಯ ಮಠದ ಹಿಂದಿನ ಕೋಣೆಯಲ್ಲಿ ಉಪವಾಸ ಕೂತು ಹದಿನಾರು ದಿನವಾಗಿತ್ತು. ಹನ್ನೊಂದಕ್ಕೇ ಮುಗಿಯಬೇಕಾದ ವ್ರತ. ದಿನಕ್ಕೊಂದು ಲೋಟ ಹಾಲು ಒಯ್ದು ಕೊಟ್ಟು ಬಂದು, “ಪೂರ್ತಿ ಕುಡಿದ, ಗಟ್ಟಿಯಾಗಿದ್ದಾನೆ” ಎಂದು ಮುರಿಗೆಯ್ಯ ಹೇಳುತ್ತಿದ್ದ. ಆ ಮಾತು ಕೇಳಿ ಗುರುಗಳು ವ್ರತವನ್ನು ಇಪ್ಪತ್ತೊಂದಕ್ಕೆ ಏರಿಸಿದ್ದರು. ವ್ರತ ತಾಳಲಾರದವರನ್ನು ಮನೆಗೆ ಕಳಿಸಿಬಿಡುವುದು ಆ ಮಠದ ಪದ್ಧತಿ.

ಈಗಲೂ ಅವನು ಆ ಕೋಣೆಯಿಂದಲೇ ಬಂದಿದ್ದ. ಲೋಟಕ್ಕೆ ಶಲ್ಯದ ಸೆರಗು ಮುಚ್ಚಿತ್ತು.

“ಕೂತುಕೋ. ತಪ್ಪೋ ಸರಿಯೋ ನೀನೇ ಹೇಳುವೆಯಂತೆ” ಎಂದು ಗುರುಗಳು ಕತೆ ಶುರುಮಾಡಿದರು.

ಕುದುರೆ ರೇಸು ನಡೆಯುವ ಒಂದು ಊರು. ಅಲ್ಲೊಂದು ಲಾಯ, ಲಾಯದಲ್ಲೊಬ್ಬ ಆಳು. ಹೆಂಡತಿ ತೀರಿಕೊಂಡ ಮೇಲೆ ಅವನಿಗೆ ತನ್ನವರೆಂದು ಉಳಿದದ್ದು ಅವನು ನೋಡಿಕೊಳ್ಳುತ್ತಿದ್ದ ಒಂದು ಹೆಣ್ಣು ಕುದುರೆ. ಮುತ್ತಿ ಎಂದು ಕರೆಯುತ್ತಿದ್ದ. ಬೇರೆ ಯಾರಾದರೂ ಮೈ ತಿಕ್ಕಿದರೆ ಅದು ಆ ದಿನ ಮೇವಿಗೆ ಬಾಯಿ ಹಾಕುತ್ತಿರಲಿಲ್ಲ. ಎಂಥ ಹಟಮಾರಿ ನೋಡು!

ಆ ಲಾಯದಲ್ಲಿ ಕುದುರೆಯ ಕಸುವನ್ನು ರಕ್ತದಲ್ಲಿ ಅಳೆಯುತ್ತಿದ್ದರು. ವಾರಕ್ಕೊಂದು ಬೆಳಿಗ್ಗೆ ಕುದುರೆಗಳನ್ನು ಜೋರಾಗಿ ಓಡಿಸುವುದು. ಓಟ ನಿಂತ ಐದು ನಿಮಿಷಕ್ಕೆ ವೈದ್ಯ ಕತ್ತಿನಿಂದ ಒಂದು ಹನಿ ರಕ್ತ ತೆಗೆದು ಅಂಗೈಯಗಲದ ಯಂತ್ರಕ್ಕೆ ಹಾಕುವುದು. ದಣಿದ ಮೈಯಿಂದ ಒಂದು ಆಮ್ಲ ರಕ್ತಕ್ಕಿಳಿಯುತ್ತದಂತೆ. ಅಂಕಿ ಹೆಚ್ಚು ಬಂದರೆ ಆ ಓಟ ಕುದುರೆಗೆ ಭಾರವಾಯಿತೆಂದು ಅರ್ಥ. ಮೂರು ವಾರ ಮೇಲಿಂದ ಮೇಲೆ ಹೆಚ್ಚು ಬಂದ ಕುದುರೆಯನ್ನು ಯಜಮಾನ ಮಾರಿಬಿಡುತ್ತಿದ್ದ. ಯಾರಿಗೆ ಮಾರಿದ, ಅದೇನಾಯಿತು ಎಂದು ಯಾರೂ ಕೇಳುತ್ತಿರಲಿಲ್ಲ.

ಮುತ್ತಿಗೆ ಎರಡು ವಾರ ಹೆಚ್ಚು ಬಂತು.

ಓಡಿದ ಕುದುರೆಯನ್ನು ಮೆಲ್ಲಗೆ ನಡೆಸುತ್ತಿದ್ದರೆ ಅಂಕಿ ತಾನಾಗಿ ಇಳಿಯುತ್ತದೆ. ಇಪ್ಪತ್ತು ವರ್ಷ ಲದ್ದಿ ಬಾಚಿದವನಿಗೆ ಇಷ್ಟು ಗೊತ್ತಿರುವುದಿಲ್ಲವೇ? ಮೂರನೆಯ ವಾರ ಅವನು ಮೈದಾನದಿಂದ ನೆಟ್ಟಗೆ ಬರಲಿಲ್ಲ. ಹುಲ್ಲಿನ ಗೋದಾಮಿನ ಹಿಂದೆ ಮುತ್ತಿಯನ್ನು ಅರ್ಧ ಗಂಟೆ ನಡೆಸಿ, ಬೇರೆ ಕುದುರೆಗಳ ನಡುವೆ ತಂದು ನಿಲ್ಲಿಸಿದ. ವೈದ್ಯ ಕೂತಲ್ಲಿಗೆ ಮೈದಾನ ಕಾಣುತ್ತಿರಲಿಲ್ಲ.

“ಓಟ ಮುಗಿದು ಎಷ್ಟು ಹೊತ್ತಾಯಿತಯ್ಯ?”

“ಈಗ ತಾನೇ ಬಂದೆ, ಡಾಕ್ಟರೇ.”

ಅಂಕಿ ಇಳಿದಿತ್ತು. ಆಳು ಲಾಯಕ್ಕೆ ಬಂದು ಮುತ್ತಿಯ ಕೊರಳು ತಬ್ಬಿಕೊಂಡು ಅತ್ತುಬಿಟ್ಟ. ಆ ಕಡೆ ಯಜಮಾನ, “ಇದರ ಮೈಯಲ್ಲಿ ಇನ್ನೂ ಕಸುವಿದೆ. ನಾಳೆಯಿಂದ ಒಂದು ಸುತ್ತು ಹೆಚ್ಚು ಓಡಿಸಿ” ಎಂದ.

ಸುತ್ತು ಹೆಚ್ಚಿದಂತೆ ಆಳು ಗೋದಾಮಿನ ಹಿಂದೆ ನಡೆಸುವ ಹೊತ್ತೂ ಹೆಚ್ಚಿತು. ಅಂಕಿ ಏರಲಿಲ್ಲ. ಯಜಮಾನ ಇನ್ನೂ ಒಂದು ಸುತ್ತು ಸೇರಿಸಿದ. ಮುತ್ತಿ ಅರ್ಧ ಮೇವು ಬಿಡತೊಡಗಿತು. ನೀರಿನ ತೊಟ್ಟಿಯ ಮುಂದೆ ನಿಂತರೆ ಅದರ ಮುಂಗಾಲುಗಳು ನಡುಗುತ್ತಿದ್ದವು. ಅದು ಬಿಟ್ಟ ಮೇವನ್ನು ಆಳು ಯಾರೂ ಕಾಣದಂತೆ ಬಾಚಿ ಹಾಕಿದ, ಕಾಲಿಗೆ ಬಿಸಿನೀರಿನ ಶಾಖ ಕೊಟ್ಟ. ಈಗ ಬಾಯಿ ಬಿಟ್ಟರೆ ಮುತ್ತಿ ಕೈತಪ್ಪುತ್ತಾಳೆ, ಇದೊಂದು ವಾರ ಕಳೆಯಲಿ ಎಂದುಕೊಂಡ. ಎಲ್ಲರೂ ಅಂದುಕೊಳ್ಳುವುದೇ ಹಾಗೆ.

ವರ್ಷದ ದೊಡ್ಡ ಪಂದ್ಯ ಬಂತು. ಕೊನೆಯ ತಿರುವಿನಲ್ಲಿ ಮುತ್ತಿಯ ಮುಂಗಾಲು ಲಟಕ್ಕನೆ ಮುರಿಯಿತು. ಜನ ನೋಡದಿರಲೆಂದು ಸುತ್ತ ಬಟ್ಟೆ ಹಿಡಿದರು. ಮುತ್ತಿ ಏಳಲು ನೋಡುತ್ತಿತ್ತು, ಮತ್ತೆ ಮತ್ತೆ. ಆಳು ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಪ್ರಾಣ ತೆಗೆಯುವ ಸೂಜಿ ಚುಚ್ಚುವ ಮೊದಲು ವೈದ್ಯ ವಾಡಿಕೆಯಂತೆ ಒಂದು ಹನಿ ರಕ್ತ ಯಂತ್ರಕ್ಕೆ ಹಾಕಿದ. ಅಷ್ಟು ದೊಡ್ಡ ಅಂಕಿಯನ್ನು ಅವನು ಯಾವ ಕುದುರೆಯಲ್ಲೂ ಕಂಡಿರಲಿಲ್ಲ.

“ಛೇ, ಈ ಯಂತ್ರ ಕೆಟ್ಟಿದೆ” ಎಂದು ಅದನ್ನು ಜೇಬಿಗೆ ಹಾಕಿಕೊಂಡ.

ಯಂತ್ರ ಕೆಟ್ಟಿಲ್ಲವೆಂದು ಅಲ್ಲಿ ಒಬ್ಬನಿಗೆ ಗೊತ್ತಿತ್ತು. ಮುತ್ತಿ ಕೊನೆಯವರೆಗೂ ಅವನ ಮುಖವನ್ನೇ ನೋಡುತ್ತಿತ್ತು.

ಗುರುಗಳು ಕತೆ ನಿಲ್ಲಿಸಿದರು.

“ಆಮೇಲಾದರೂ ಆ ಆಳು ನಿಜ ಹೇಳಿದನೇ, ಬುದ್ಧೀ?” ಎಂದು ಮುರಿಗೆಯ್ಯ ಕೇಳಿದ.

“ಅದಿರಲಿ, ಆ ಸೆರಗು ತೆಗೆ; ಲೋಟದಲ್ಲಿ ಹಾಲೆಷ್ಟು ಉಳಿದಿದೆ ನೋಡೋಣ” ಎಂದರು ಗುರುಗಳು.

ಮುರಿಗೆಯ್ಯ ಸೆರಗು ತೆಗೆದ; ಒಯ್ದ ಹಾಲು ಒಯ್ದಷ್ಟೇ ಇತ್ತು.