ಸಾಹುಕಾರರು ಹಿಡಿದ ಶಾಖ

ನಮ್ಮೂರ ಕಾಲೇಜಿನ ಪ್ರಯೋಗಶಾಲೆಗೆ ಗ್ಯಾಸ್ ಬರ್ನರ್ ಹೊಸದಾಗಿ ಬಂದಿದ್ದ ಕಾಲ. ಆ ನೀಲಿ ಉರಿ ನೋಡಲು ಊರವರೂ ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದರು. ಕಾಲೇಜಿನ ಅಧ್ಯಕ್ಷರು ಜವಳಿ ಸಾಹುಕಾರ ಕೊಟ್ರಬಸಪ್ಪನವರು. ಥಾನಿನಲ್ಲಿ ಗೇಣು ಬಟ್ಟೆ ಕಡಿಮೆಯಾದರೂ ಅಂಗಡಿಯನ್ನೇ ತಲೆಕೆಳಗು ಮಾಡುವವರು.

ಒಂದು ದಿನ ಅವರೂ ಉರಿ ನೋಡಲು ಬಂದಾಗ ಮೇಷ್ಟ್ರು ನೀರು ಕಾಯಿಸಿ, ಅಳೆದು ನೋಡಿ, "ಗ್ಯಾಸಿನ ಶಾಖದಲ್ಲಿ ಅರ್ಧ ಮಾತ್ರ ನೀರಿಗೆ ಸೇರುತ್ತೆ" ಅಂದದ್ದೇ ತಡ, ಸಾಹುಕಾರರು ಪಕ್ಕದಲ್ಲಿ ನಿಂತಿದ್ದ ಪ್ರಯೋಗಶಾಲೆಯ ಅಟೆಂಡರನ ಕಡೆ ತಿರುಗಿದರು.

"ಉಳಿದರ್ಧ ಯಾರು ತಿಂದರೋ? ಬರ್ನರ್ ಹಚ್ಚೋನು ನೀನು. ನಾಳೆ ಹಿಡಿದು ತೋರಿಸು, ಇಲ್ಲಾಂದ್ರೆ ಕೆಲಸ ಬಿಟ್ಟು ಮನೆಗೆ ನಡಿ!"

"ಆಗಲಿ ಸಾಹುಕಾರ್ರೇ. ಆದ್ರೆ ಕಾವಲಿಗೆ ನೀವೇ ಕೂರಬೇಕು" ಅಂದ ಅವನು.

ಮರುದಿನ ಸಾಹುಕಾರರು ಉದ್ದ ಕೋಟು, ರುಮಾಲು, ಶಲ್ಯ ಸಮೇತ ಬಂದರು. ಬೇಸಿಗೆಯ ಮಧ್ಯಾಹ್ನ. ಅಟೆಂಡರ್ ಅವರನ್ನು ಬರ್ನರಿನ ಪಕ್ಕದಲ್ಲೇ ಕೂರಿಸಿ, ಕಿಟಕಿ ಬಾಗಿಲು ಮುಚ್ಚಿ, ಫ್ಯಾನೂ ನಿಲ್ಲಿಸಿ, ನೀರಿಟ್ಟು ಉರಿ ಹಚ್ಚಿದ. ನೀರು ಕುದಿಯುವ ಮೊದಲೇ ಸಾಹುಕಾರರ ಮೀಸೆಯಿಂದ ಬೆವರು ತೊಟ್ಟಿಕ್ಕಿತು. ರುಮಾಲು ತೆಗೆದರು. ಗುಂಡಿ ಬಿಚ್ಚಿದರು. ಕೊನೆಗೆ ಕಿಟಕಿಗೆ ಕೈ ಹಾಕಿದರು.

"ಅಯ್ಯೋ, ತೆಗೀಬೇಡಿ! ಉಳಿದರ್ಧ ಈಗ ತಾನೇ ಸಿಕ್ಕಿದೆ."

"ಎಲ್ಲೋ?"

"ನಿಮ್ಮ ಕೋಟಿನೊಳಗೆ ಸೇರ್ಕೊಂಡಿದೆ. ತಿಂದೋರು ಯಾರು ಅಂತ ನನ್ನ ಬಾಯಲ್ಲಿ ಯಾಕೆ ಹೇಳಿಸ್ತೀರಿ?"

ಸಾಹುಕಾರರು ಕಣ್ಣು ಕೆಕ್ಕರಿಸಿದರು. ಆದರೆ ಆಗಿನ ದೊಡ್ಡ ಮನುಷ್ಯರಿಗೆ ಸೋತಾಗ ನಗುವುದೂ ಗೊತ್ತಿತ್ತು. ಹೊಟ್ಟೆ ಕುಲುಕಿಸಿ ನಕ್ಕು ಕೂಗಿದರು:

"ಕಿಟಕಿ ತೆಗೆಯೋ ಮಾರಾಯ! ನಿನ್ನ ಕೆಲಸವೂ ಉಳೀಲಿ, ನನ್ನ ಜೀವವೂ ಉಳೀಲಿ!"