ಮುತ್ತುಗದ ಕೊಂಬೆ ಕೀಳದ ಚಿಪ್ಪುಹಂದಿ

ಕೇಳಿ ಮಕ್ಕಳೇ, ಕರಡಿಗುಡ್ಡದ ಕಾಡಿನಲ್ಲಿ ಮನುಷ್ಯರು ಬಿಟ್ಟುಹೋದ ರೈಲುಹಳಿಯೊಂದಿತ್ತು. ಅದರ ಮೇಲೆ ಪ್ರಾಣಿಗಳೇ ರೈಲು ಓಡಿಸುತ್ತಿದ್ದವು. ನಗಬೇಡಿ. ನಾನು ಅದರಲ್ಲಿ ಕೂತು ಬಂದವನು, ಅದೂ ಟಿಕೆಟ್ ಇಲ್ಲದೆ. ಶಾಲೆಯ ಮೆಟ್ಟಿಲು ಹತ್ತದಿದ್ದರೇನು, ನಾನು ನೋಡಿದಷ್ಟು ಕಾಡನ್ನು ಈ ಸೀಮೆಯಲ್ಲಿ ಯಾರೂ ನೋಡಿಲ್ಲ. ದಾರಿ ತಪ್ಪಿದ ಹುಲಿಗಳು ನನ್ನನ್ನು ಕೇಳಿಕೊಂಡು ಮನೆಗೆ ಹೋಗುತ್ತಿದ್ದವು.

ರೈಲಿಗೆ ಎಂಜಿನ್ ಅಂದರೆ ದೊಡ್ಡಕ್ಕ ಎಂಬ ಆನೆ. ಅವಳು ಘೀಳಿಟ್ಟರೆ ಬೆಟ್ಟದ ಆಚೆ ಒಲೆಯ ಮೇಲಿಟ್ಟ ಹಾಲು ಒಡೆದುಹೋಗುತ್ತಿತ್ತು. ಅವಳ ಹಿಂದೆ ಬಿದಿರಿನ ಗಾಡಿಗಳು. ಸಾಲು ಎಷ್ಟು ಉದ್ದ ಅಂತೀರಿ! ಮುಂದಿನ ಗಾಡಿಯಲ್ಲಿ ಮಳೆ ಸುರಿಯುವಾಗ ಹಿಂದಿನ ಗಾಡಿಯವರು ಬಿಸಿಲಿಗೆ ಎಲೆ ಬೀಸಿಕೊಳ್ಳುತ್ತಿದ್ದರು. ಬೇಸಿಗೆಯಲ್ಲಿ ಗುಡ್ಡದ ಹೊಂಡಗಳು ಬತ್ತಿದಾಗ ಮರಿಗಳನ್ನೂ ಮುದುಕರನ್ನೂ ಕೂರಿಸಿಕೊಂಡು ಕಮಲದ ಕೆರೆಗೆ ಹೋಗಿ, ನೀರು ಕುಡಿಸಿ, ಸಂಜೆಗೆ ಕರೆತರುವುದೇ ಆ ರೈಲಿನ ಕೆಲಸ.

ಹಳಿ ನೋಡಿಕೊಳ್ಳಲು ಒಂದು ಗ್ಯಾಂಗು. ಅದಕ್ಕೆ ಮೇಸ್ತ್ರಿ ಜಾಂಬಯ್ಯ ಎಂಬ ಕರಡಿ. ಮನಸ್ಸು ಒಳ್ಳೆಯದು, ಗಂಟಲು ಮಾತ್ರ ಕೆಟ್ಟದ್ದು. ಹಳಿ ತಪಾಸಣೆಗೆ ಚಿಪ್ಪಣ್ಣ ಎಂಬ ಚಿಪ್ಪುಹಂದಿ. ಜೇನುಮರದ ತಿರುವಿನಿಂದ ಹಳ್ಳದ ಸೇತುವೆಯವರೆಗೆ ಅವನ ಹಾದಿ. ಬೆಳಗಾದರೆ ಉಗುರಿನಿಂದ ಹಳಿಯನ್ನು ಟಣ್ ಟಣ್ ಎಂದು ತಟ್ಟುತ್ತ, ಕೆಳಗಿನ ಮರದ ದಿಮ್ಮಿಗಳನ್ನು ಮೂಸುತ್ತ ನಡೆಯುವನು. ಆ ಹಾದಿಯೆಂದರೆ ಅವನಿಗೆ ಪ್ರಾಣ.

ಆದರೆ ಅವನದೊಂದು ಕೆಟ್ಟ ಚಾಳಿ. ಯಾರಾದರೂ ಗದರಿದರೆ ಸಾಕು, ಉಂಡೆಯಾಗಿ ಮುದುಡಿಕೊಂಡುಬಿಡುವನು. ಆಮೇಲೆ ದೇವರೇ ಬಂದು ಕರೆದರೂ ಬಾಯಿ ಬಿಡುವವನಲ್ಲ.

ಗ್ಯಾಂಗಿಗೊಂದು ಕಟ್ಟಳೆಯಿತ್ತು: ಮೇಸ್ತ್ರಿ ಹೇಳಿದ್ದನ್ನು ಮೊದಲು ಮಾಡು, ದೂರಿದ್ದರೆ ಆಮೇಲೆ ಹೇಳು. ಜೀವಕ್ಕೆ ಅಪಾಯವಿದ್ದರೆ ಮಾತ್ರ ಒಲ್ಲೆ ಅನ್ನಬಹುದು, ಆದರೆ ಯಾಕೆಂದು ಬಾಯಿಬಿಟ್ಟು ಹೇಳಬೇಕು. ದೊಡ್ಡಕ್ಕನದೂ ಒಂದು ಕಟ್ಟಳೆ. ಹಳಿ ಕೆಟ್ಟ ಕಡೆ ಮುತ್ತುಗದ ಕೆಂಪು ಹೂವಿನ ಕೊಂಬೆ ನೆಡುತ್ತಿದ್ದರು. ಅದನ್ನು ನೆಟ್ಟವನೇ ಕೀಳಬೇಕು. ಬೇರೆ ಯಾರು ಕಿತ್ತರೂ ಅವಳು ಹೆಜ್ಜೆ ಎತ್ತಿಡುತ್ತಿರಲಿಲ್ಲ.

ಬೇಸಿಗೆ ಕಾಲಿಟ್ಟ ಒಂದು ಬೆಳಿಗ್ಗೆ ಚಿಪ್ಪಣ್ಣನ ಮೂಗಿಗೆ ಸೇತುವೆಯ ದಿಮ್ಮಿಗಳಿಂದ ಗೆದ್ದಲಿನ ವಾಸನೆ ಬಂತು. ಗೆದ್ದಲು ಅವನ ಊಟ ತಾನೇ, ತಪ್ಪುವುದುಂಟೇ? ಹೊರಗಿನಿಂದ ದಿಮ್ಮಿ ಗಟ್ಟಿ, ಒಳಗೆಲ್ಲ ಟೊಳ್ಳು. ಓಡಿಹೋಗಿ ಮುತ್ತುಗದ ಕೊಂಬೆ ತಂದು ಹಳಿಯ ನಡುವೆ ನೆಟ್ಟ. ಅಷ್ಟರಲ್ಲಿ ರೈಲು ಬಂದು ನಿಂತಿತು. ಗಾಡಿಗಳ ತುಂಬ ಬಾಯಾರಿದ ಮರಿಗಳು. ಜಾಂಬಯ್ಯ ಏದುಸಿರು ಬಿಡುತ್ತ ಓಡಿಬಂದ.

"ಏಯ್! ಯಾವನೋ ಇದನ್ನು ನೆಟ್ಟವನು? ಹಳಿ ಗಟ್ಟಿಯಾಗೇ ಇದೆ, ಮರಿಗಳು ಬಾಯಾರಿವೆ, ಕೀಳೋ!"

"ಮೇಸ್ತ್ರೀ, ಅದು..."

"ಅದೂ ಇಲ್ಲ ಇದೂ ಇಲ್ಲ! ಕೀಳು ಅಂದರೆ ಕೀಳು!"

ಆ ಗರ್ಜನೆಗೆ ಮರದ ಕಾಯಿಗಳು ಹಣ್ಣಾಗುವ ಮೊದಲೇ ಉದುರಿದವು. ಚಿಪ್ಪಣ್ಣ ಮುದುಡಿ ಉಂಡೆಯಾದ.

"ಓಹೋ! ನನಗೇ ಬೆನ್ನು ತೋರಿಸ್ತೀಯಾ? ಗ್ಯಾಂಗಿನ ಎದುರಿಗೇ ನನ್ನ ಮಾತು ಮೀರ್ತೀಯಾ?" ಜಾಂಬಯ್ಯನಿಗೆ ಮೈಯೆಲ್ಲ ಉರಿದುಹೋಯಿತು. "ಇವತ್ತಿಗೆ ನಿನ್ನ ಕೆಲಸ ಮುಗೀತು. ಇನ್ನು ಹಳಿ ಮುಟ್ಟಬೇಡ!" ಎಂದವನೇ ಉಂಡೆಯನ್ನು ಇಳಿಜಾರಿಗೆ ಒದ್ದುಬಿಟ್ಟ. ಚಿಪ್ಪಣ್ಣ ಉರುಳಿ ಉರುಳಿ ಹಳ್ಳದಾಚೆ ಹೋಗಿ ಬಿದ್ದ.

ಜಾಂಬಯ್ಯ ತಾನೇ ಕೊಂಬೆ ಕೀಳಲು ಕೈಹಾಕಿದ.

"ನೆಟ್ಟವನೆಲ್ಲಿ?" ಎಂದಳು ದೊಡ್ಡಕ್ಕ.

"ಕೆಲಸದಿಂದ ತೆಗೆದೆ."

"ಹಾಗಾದರೆ ನಾನೂ ನಿಂತೆ." ದೊಡ್ಡಕ್ಕ ಗಾಡಿಗಳನ್ನು ಹಿಂದಕ್ಕೆ ತಳ್ಳಿಕೊಂಡು ಹೋದಳು.

ಅವತ್ತಿನಿಂದ ರೈಲು ನಿಂತೇ ಹೋಯಿತು. ಮರಿಗಳು ಮುಳ್ಳುದಾರಿಯಲ್ಲಿ ನಡೆದು ಕೆರೆಗೆ ಹೋದವು. ನಡೆಯಲಾರದ ಮುದುಕರು ಹೊಂಡದ ಕೆಸರು ನೆಕ್ಕಿದರು. ಜಾಂಬಯ್ಯ ಚಿಪ್ಪಣ್ಣನ ಹಾದಿಗೆ ಒಬ್ಬ ಮುಂಗುಸಿಯನ್ನು ಹಾಕಿದ. ಗೆದ್ದಲಿನ ವಾಸನೆ ಮುಂಗುಸಿಯ ಮೂಗಿಗೆ ಹತ್ತಲಿಲ್ಲ. ಸೇತುವೆಯ ಕೊಂಬೆ ಮಾತ್ರ ಹಾಗೇ ಇತ್ತು. ಹೂವೆಲ್ಲ ಒಣಗಿ ಉದುರಿತು.

ಚಿಪ್ಪಣ್ಣ ಎದುರು ಗುಡ್ಡದ ಬಂಡೆಯ ಮೇಲೆ ಕೂತು ದಿನವೆಲ್ಲ ಅತ್ತಲೇ ನೋಡುತ್ತಿದ್ದ. ಫಳಫಳ ಹೊಳೆಯುತ್ತಿದ್ದ ಹಳಿಗೆ ತುಕ್ಕು ಹಿಡಿಯಿತು. ಜಲ್ಲಿಯ ನಡುವೆ ಹುಲ್ಲು ಎದ್ದಿತು. ಬಾಯಿಗಿಟ್ಟ ಇರುವೆ ರುಚಿಸದು. ನಿದ್ದೆಯಲ್ಲೂ ಅವನ ಉಗುರು ತನ್ನಷ್ಟಕ್ಕೆ ಬಂಡೆಯನ್ನು ತಟ್ಟುತ್ತಿತ್ತು. ಬಂಡೆಗೇನು ದನಿ ಇದ್ದೀತು? ಎಚ್ಚರಾಗಿ, ತಾನೆಲ್ಲಿದ್ದೇನೆಂದು ತಿಳಿದು, ಮತ್ತೆ ಮುದುಡಿಕೊಳ್ಳುವನು.

ನಿಂಗ ಎಂಬ ಕರಿಮೂತಿ ಮುಸುವ, ಗ್ಯಾಂಗಿನ ಬಾಯಿಬಡುಕ, ಕೊಂಬೆಯಿಂದ ಕೆಳಗೆ ಜಿಗಿದು ಕೇಳಿದ: "ಏನಣ್ಣ, ಆ ಹಳಿ ಏನು ನಿನ್ನ ಅತ್ತೆ ಮಗಳಾ, ಹೀಗೆ ಕಣ್ಣಲ್ಲಿ ಕಣ್ಣಿಟ್ಟು ನೋಡ್ತೀಯಲ್ಲ? ಹೋಗಿ ಯಾಕೆ ಕೀಳಲಿಲ್ಲ ಅಂತ ಹೇಳಬಾರದಾ?"

"ಮೇಸ್ತ್ರಿ ಕೇಳಿದರೆ ಹೇಳ್ತೀನಿ."

"ಅವನನ್ನ ವಿಚಾರಿಸಿದರೆ, ಚಿಪ್ಪಣ್ಣ ಹೇಳಿದರೆ ಕೇಳ್ತೀನಿ ಅಂತಾನೆ! ನಿಮ್ಮಿಬ್ಬರ ಬಿಗುಮಾನದಲ್ಲಿ ನಮ್ಮಜ್ಜಿ ಕೆಸರು ಕುಡಿದು ಸಾಯ್ತಾಳೆ."

ಚಿಪ್ಪಣ್ಣ ಹಳಿಯತ್ತ ಮೂಗು ತಿರುಗಿಸಿದ. "ನಿಂಗ, ತಿರುವಿನ ಹತ್ತಿರ ಒಂದು ಹಳಿ ಬಿಸಿಲಿಗೆ ಉಬ್ಬುತ್ತೆ. ಮುಂಗುಸಿಗೆ ಹೇಳು," ಎಂದ.

ನಿಂಗನಿಗೆ ತಡೆಯಲಾಗಲಿಲ್ಲ. ಪಂಚಾಯ್ತಿಗೆಂದು ಕಮಲದ ಕೆರೆಯ ಕಲ್ಲವ್ವನನ್ನು ಕರೆದ. ಕಲ್ಲವ್ವ ಆಮೆ. ಎರಡೂ ಕಡೆಯವರು ಅವಳ ಮಾತಿಗೆ ತಲೆ ಬಾಗಬೇಕು. ಅವಳ ನಡಿಗೆ ಗೊತ್ತಲ್ಲ? ಹೊರಟಾಗ ಗೂಡಿನಲ್ಲಿ ಮೊಟ್ಟೆಯಾಗಿದ್ದ ಹಕ್ಕಿ, ಅವಳು ತಲುಪುವ ಹೊತ್ತಿಗೆ ಅಜ್ಜಿಯಾಗಿತ್ತು. ನಾನೇ ಆ ಹಕ್ಕಿಯನ್ನು ಮಾತಾಡಿಸಿದ್ದೇನೆ.

ಸೇತುವೆಯ ಬಳಿಯೇ ಪಂಚಾಯ್ತಿ ಕೂತಿತು.

"ಅವ್ವಾ, ಇವನು ನನ್ನ ಮಾತು ಮೀರಿದ," ಎಂದ ಜಾಂಬಯ್ಯ. "ಕೀಳು ಅಂದೆ, ಕೀಳಲಿಲ್ಲ. ಯಾಕೆ ಅಂತಲೂ ಹೇಳಲಿಲ್ಲ. ಬೆನ್ನು ತಿರುಗಿಸಿದ. ಇಂಥವನನ್ನು ಇಟ್ಟುಕೊಂಡರೆ ನಾಳೆ ಗ್ಯಾಂಗಿನಲ್ಲಿ ಯಾರು ನನ್ನ ಮಾತು ಕೇಳ್ತಾರೆ?"

ನಿಂಗ ಚಿಪ್ಪಣ್ಣನ ಪರವಾಗಿ ನಿಂತು ಅವನ ಮುತ್ತಜ್ಜನ ಕಾಲದಿಂದ ಶುರುಮಾಡಿದ. "ನೀನು ಕೂತ್ಕೊಳ್ಳಪ್ಪ," ಎಂದಳು ಕಲ್ಲವ್ವ. "ಚಿಪ್ಪಣ್ಣ, ಯಾಕೆ ಕೀಳಲಿಲ್ಲ?"

ಚಿಪ್ಪಣ್ಣ ಮೂಗು ಎತ್ತಿದ. "ಹೇಳೋ!" ಎಂದು ಜಾಂಬಯ್ಯ ಗುಡುಗಿದ. ಚಿಪ್ಪಣ್ಣ ಉಂಡೆಯಾದ.

"ನೋಡಿದ್ಯಾ ಅವ್ವಾ? ಎಷ್ಟು ಸೊಕ್ಕು!"

ಕಲ್ಲವ್ವ ಆ ಉಂಡೆಯನ್ನೇ ನೋಡುತ್ತಿದ್ದಳು. "ಸೊಕ್ಕಲ್ಲ ಕಣಯ್ಯ, ಅಂಜಿಕೆ. ನಾನೂ ಅಂಜಿದರೆ ಚಿಪ್ಪಿನೊಳಗೆ ಹೋಗುವವಳೇ. ಈಗ ಅದೇ ಮಾತನ್ನು ಮೆಲ್ಲಗೆ ಕೇಳು."

"ಮೆಲ್ಲಗೆ ಕೇಳೋದು ಹೇಗೆ ಅವ್ವಾ?"

"ಜೇನುಗೂಡಿನ ಹತ್ತಿರ ಹೋಗುವಾಗ ಹೇಗಿರ್ತೀಯೋ ಹಾಗೆ."

ಗ್ಯಾಂಗೆಲ್ಲ ಮುಸಿಮುಸಿ ನಕ್ಕಿತು. ಜಾಂಬಯ್ಯ ಕೂತು, ಉಂಡೆಯ ಬಳಿ ಬಾಯಿ ತಂದು, ಹುಟ್ಟಿದಾಗಿನಿಂದ ಆಡದ ದನಿಯಲ್ಲಿ ಕೇಳಿದ: "ಯಾಕಪ್ಪ ಕೀಳಲಿಲ್ಲ?"

ಉಂಡೆ ಸ್ವಲ್ಪ ಸಡಿಲವಾಯಿತು. ಮೂಗಿನ ತುದಿ ಹೊರಬಂತು.

"ಗೆದ್ದಲು, ಮೇಸ್ತ್ರೀ."

"ಎಲ್ಲಿ?" ಎನ್ನುತ್ತ ಜಾಂಬಯ್ಯ ಸೇತುವೆಯ ದಿಮ್ಮಿಯ ಮೇಲೆ ಕಾಲಿಟ್ಟ. ದಿಮ್ಮಿ ಹಪ್ಪಳದ ಹಾಗೆ ಮುರಿದು, ಕಾಲು ತೊಡೆಯವರೆಗೂ ಇಳಿಯಿತು. ಕೆಳಗೆ ಹಳ್ಳ ಬಾಯಿ ತೆರೆದುಕೊಂಡಿತ್ತು. ಮರಿಗಳ ತಾಯಂದಿರು ಎದೆ ಹಿಡಿದುಕೊಂಡರು. ಜಾಂಬಯ್ಯನನ್ನು ಮೇಲೆಳೆಯಲು ದೊಡ್ಡಕ್ಕನೇ ಸೊಂಡಿಲು ಕೊಡಬೇಕಾಯಿತು.

ಕಲ್ಲವ್ವ ತೀರ್ಪು ಹೇಳಿದಳು.

"ಜಾಂಬಯ್ಯ, ಯಾಕೆ ಅಂತ ಒಂದು ಸಲವಾದರೂ ಕೇಳದೆ ಇನ್ನು ಯಾರನ್ನೂ ಕೆಲಸದಿಂದ ತೆಗೆಯಕೂಡದು. ಚಿಪ್ಪಣ್ಣನನ್ನು ಮತ್ತೆ ಕೆಲಸಕ್ಕೆ ಸೇರಿಸಿಕೋ. ಚಿಪ್ಪಣ್ಣ, ನೀನು ಕೊಂಬೆ ಕೀಳದಿದ್ದದ್ದು ಸರಿ. ಆದರೆ ಸೇತುವೆ ಟೊಳ್ಳು ಅಂತ ನಿನಗೊಬ್ಬನಿಗೇ ಗೊತ್ತಿತ್ತು. ಅವತ್ತೇ ಹೇಳಿದ್ದರೆ ಅವತ್ತೇ ಹೊಸ ದಿಮ್ಮಿ ಬರುತ್ತಿತ್ತು. ಮರಿಗಳು ಇಡೀ ಬೇಸಿಗೆ ಮುಳ್ಳು ತುಳಿದವು. ಕಳೆದುಹೋದ ಬೇಸಿಗೆಯನ್ನು ನಾನು ನಿನಗೆ ಕೊಡಿಸಲಾರೆ."

"ನನ್ನ ಹಳೇ ಹಾದಿ, ಅವ್ವಾ?" ಚಿಪ್ಪಣ್ಣ ತಿರುವಿನತ್ತ ಮೂಗು ಚಾಚಿದ. "ಜೇನುಮರದ ತಿರುವು..."

"ಮುಂಗುಸಿ ಅಲ್ಲಿ ಬೇಸಿಗೆಯೆಲ್ಲ ದುಡಿದಿದ್ದಾನೆ. ತಪ್ಪು ಮಾಡದವನ ಕೈಯಿಂದ ಹೇಗಪ್ಪ ಕಿತ್ತುಕೊಳ್ಳಲಿ? ಸೇತುವೆಯಿಂದಾಚೆ ಕೆರೆಯವರೆಗಿನ ಹಾದಿ ಖಾಲಿಯಿದೆ, ಅದು ನಿನ್ನದು."

ಚಿಪ್ಪಣ್ಣ ತಲೆಯಾಡಿಸಿದ. ಜಾಂಬಯ್ಯ ಕುಂಟುತ್ತಲೇ ಮತ್ತಿಮರದ ಹೊಸ ದಿಮ್ಮಿಗಳನ್ನು ಹೊತ್ತು ತಂದು ಹಾಸಿದ. ಒಂದೊಂದನ್ನೂ ಮೂಸಿ ನೋಡಿದ ಮೇಲೆ ಚಿಪ್ಪಣ್ಣ ಕೊಂಬೆ ಕಿತ್ತ. ದೊಡ್ಡಕ್ಕ ಘೀಳಿಟ್ಟು ಹೊರಟಳು.

ಹೊಸ ಹಾದಿಯೂ ಒಳ್ಳೆಯದೇ. ಕೆರೆಯ ಗಾಳಿ, ಬೇಕಾದಷ್ಟು ಇರುವೆ. ಆದರೂ ಚಿಪ್ಪಣ್ಣ ದಿನಾ ಕೆಲಸ ಮುಗಿಸಿ ಸೇತುವೆಯ ಕೆರೆ ಕಡೆಯ ತುದಿಗೆ ಬಂದು ಕಾಯುವನು. ಆಚೆಯಿಂದ ಮುಂಗುಸಿ ಬರುವನು.

"ತಿರುವಿನಲ್ಲಿ ಇವತ್ತು ಹೇಗಿತ್ತಪ್ಪ?"

"ಚೆನ್ನಾಗಿತ್ತಣ್ಣ. ಜೇನುಮರ ಹೂ ಬಿಟ್ಟಿದೆ. ಬಾ, ಒಂದು ಸಲ ನೋಡಿಕೊಂಡು ಹೋಗುವೆಯಂತೆ."

"ಬೇಡಪ್ಪ, ಅದು ನಿನ್ನ ಹಾದಿ," ಎನ್ನುವನು ಚಿಪ್ಪಣ್ಣ ಅಲ್ಲೇ ಕೂರುತ್ತ. "ಹೂವು ಯಾವ ಕೊಂಬೆಯಲ್ಲಿ ಮೊದಲು ಬಿಟ್ಟಿತು, ಅದನ್ನು ಹೇಳು."

ನೀತಿ: ನ್ಯಾಯ ನಮ್ಮ ಕಡೆಗಿದ್ದರೆ ಸಾಲದು, ಅದನ್ನು ಬಾಯಿಬಿಟ್ಟು ಹೇಳಬೇಕು; ತಡವಾಗಿ ಆಡಿದ ನಿಜ ಕೆಲಸವನ್ನು ಮರಳಿಸೀತು, ಕಳೆದ ಕಾಲವನ್ನಲ್ಲ.